ಹರೀಶನ ದುಃಖ, ಚೋಮನ ದುಃಖ

ಟಿವಿಯಲ್ಲಿ 'ಬಂಧನ' ಬಂದರೆ ನಮ್ಮ ಮಡಂತ್ಯಾರು ಕಡೆ ಈಗಲೂ ಕಣ್ಣು ಒರೆಸಿಕೊಳ್ಳುವವರು ಉಂಟು. ಉಷಾ ನವರತ್ನರಾಂ ಕಾದಂಬರಿ, 1984ರಲ್ಲಿ ರಾಜೇಂದ್ರಸಿಂಗ್ ಬಾಬು ಸಿನಿಮಾ ಮಾಡಿದರು. ಪ್ರೀತಿಸಿದವಳು ಬೇರೆಯವನನ್ನು ಮದುವೆಯಾದಾಗ ಡಾಕ್ಟರ್ ಹರೀಶ್ ಕೊರಗಿ ಕೊರಗಿ ಸಾಯ್ತಾನೆ. ವಿಷ್ಣುವರ್ಧನ್ ನೋಡಿ ನಾನೂ ಅತ್ತಿದ್ದೇನೆ. ಆ ನೋವು ಸುಳ್ಳಲ್ಲ.

ಇನ್ನು ನಮ್ಮದೇ ಜಿಲ್ಲೆಯ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ನೀರಲ್ಲಿ ಮುಳುಗುವ ನೀಲನನ್ನು ಮುಟ್ಟಿ ಎತ್ತಲು ಜಾತಿ ಅಡ್ಡ. ಮಕ್ಕಳು ಸತ್ತರೂ ಚೋಮನಿಗೆ ಕೂತು ಕೊರಗಲು ಪುರುಸೊತ್ತಿಲ್ಲ ಮಾರಾಯ್ರೆ. ಅಳುವುದಿದ್ದರೆ ರಾತ್ರಿ, ದುಡಿ ಬಡಿದುಕೊಂಡು. ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಎಲ್ಲರೂ ಕಲೆ ಅಂದ್ರು.

ಹರೀಶನ ದುಃಖ ನಮ್ಮ ಕೇರಿಗೂ ಬಂದು ನಮ್ಮದೇ ಆಯ್ತು. ಚೋಮನ ದುಃಖ ನಿಮ್ಮದು ಆಗೋದು ಯಾವಾಗ?

ಜೈಭೀಮ್.