ಐದು ಜನ ಕೂತ ಮೇಲೆ

ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಕಾರುಗಳ ಹೊಟ್ಟೆಗೂ ರಸ್ತೆಗೂ ನಡುವೆ 179 ಮಿಲಿಮೀಟರ್ ಜಾಗ. ಹೋಂಡಾ ಸಿಟಿಗೆ 165. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯಂತೆ ರಸ್ತೆ ಹಂಪಿನ ಎತ್ತರ 10 ಸೆಂಟಿಮೀಟರ್, ಅಂದರೆ 100 ಮಿಲಿಮೀಟರ್. ಅಗಲ 3.7 ಮೀಟರ್. ಈ ಲೆಕ್ಕದಲ್ಲಿ ಯಾವ ಸೆಡಾನೂ ಯಾವ ಹಂಪಿಗೂ ತಾಗಬಾರದು. ಆದರೂ ಊರೂರಿನ ಹಂಪಿನ ನೆತ್ತಿಯ ಮೇಲೆ ಕಾರುಗಳು ಗೀರಿದ ಗೆರೆಗಳು ಕಾಣುತ್ತವೆ. ಯಾಕೆ?

ಅರ್ಧ ಕಾರಣ ರಸ್ತೆಯಲ್ಲೇ ಇದೆ. 3.7 ಮೀಟರ್ ಅಗಲದ ಹಂಪನ್ನು ನಾನು ಕಂಡದ್ದು ಅಪರೂಪ. ಹೆಚ್ಚಿನವು ಒಂದೆರಡು ಅಡಿ ಅಗಲದ ದಿಣ್ಣೆಗಳು. ಈ ವರ್ಗದ ಕಾರುಗಳ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.6 ಮೀಟರ್ ಅಥವಾ ತುಸು ಹೆಚ್ಚು ಅಂತರ. ಹಾಗಾಗಿ ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಏರದಿರುವಾಗ ದಿಣ್ಣೆ ಸರಿಯಾಗಿ ಹೊಟ್ಟೆಯ ಕೆಳಗೆ ಬಂದಿರುತ್ತದೆ.

ಇನ್ನರ್ಧ ಕಾರಣ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 179 ಎಂಬುದು ಕಾರಿನೊಳಗೆ ಯಾರೂ ಇಲ್ಲದಾಗಿನ ಅಳತೆ. ಐದು ಜನ ಕೂತು, ಡಿಕ್ಕಿ ತುಂಬಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ಯಾವ ಶೋರೂಂನಲ್ಲೂ ಯಾರೂ ತಾವಾಗಿ ಹೇಳಲಿಲ್ಲ.

*

ಇದೆಲ್ಲ ಶುರುವಾದದ್ದು ಅಕ್ಕನ ಮನೆಗೆ ಕಾರು ಹುಡುಕಲು ಹೊರಟಾಗ. ಅಕ್ಕ, ಭಾವ, ಇಬ್ಬರು ಮಕ್ಕಳು, ಅಕ್ಕನ ಅತ್ತೆ. ಹೊಸದಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಸೆಡಾನೇ ಬೇಕು ಎಂಬುದು ಭಾವನ ಇಷ್ಟ. ನನಗೆ ಡ್ರೈವಿಂಗ್‌ನಲ್ಲಿ ಅಂಥ ಆಸಕ್ತಿಯಿಲ್ಲ. ಹಾಗಾಗಿ ಪ್ರತಿ ಸಲವೂ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದನ್ನು ಬರೆದಿಟ್ಟೆ.

ಟೆಸ್ಟ್ ಡ್ರೈವ್ ಎಂದರೆ ಭಾವ ಸ್ಟೀರಿಂಗ್ ಹಿಡಿಯುವುದು, ಸೇಲ್ಸ್ ಹುಡುಗ ಪಕ್ಕದಲ್ಲಿ ಕೂರುವುದು, ಎರಡು ಕಿಲೋಮೀಟರ್ ಹೋಗಿ ಬರುವುದು. ಮಾತೆಲ್ಲ ಪಿಕಪ್ಪು, ಮೈಲೇಜು, ಸನ್‌ರೂಫ್. ಈ ಕಾರು ಮುಂದಿನ ಹತ್ತು ವರ್ಷ ಹೆಚ್ಚಾಗಿ ಹೊರುವುದು ಹಿಂದಿನ ಸೀಟಿನ ಮೂವರನ್ನು. ಅವರನ್ನು ಯಾರೂ ಏನೂ ಕೇಳಲಿಲ್ಲ.

*

ಒಂದು ಶೋರೂಂನಲ್ಲಿ ಅಕ್ಕನ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಸೊಗಸಾದ ಸೀಟು, ಕಾಲು ಚಾಚಲು ಧಾರಾಳ ಜಾಗ, ಹಿಂದಕ್ಕೂ ಎಸಿ ಗಾಳಿ. ಸ್ವಲ್ಪ ಹೊತ್ತಾದ ಮೇಲೆ ಅವರು, "ಕೂತ್ಕೊಳ್ಳೋದೇನೋ ಕೂತೆ ಕಣಪ್ಪಾ, ಏಳೋದು ಹೇಗೆ?" ಎಂದರು.

ಅವರ ಮಂಡಿ ಸವೆದಿದೆ. ಸೆಡಾನ್ ಸೀಟು ನೆಲಕ್ಕೆ ಹತ್ತಿರ. ಒಳಗೆ ಹೋಗುವುದೆಂದರೆ ಇಳಿಯುವುದು, ಹೊರಗೆ ಬರುವುದೆಂದರೆ ಏರುವುದು. ಅದರ ಮೇಲೆ ಈಗಿನ ಮಾದರಿಗಳ ಚಾವಣಿ ಹಿಂದಕ್ಕೆ ಇಳಿಜಾರಾಗಿರುತ್ತದೆ. ತಲೆ ಬಗ್ಗಿಸಿ, ಮಂಡಿ ಮಡಿಸಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದ್ದುನಿಲ್ಲಬೇಕು. ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಈಗ ಎಸ್‌ಯುವಿ ಮತ್ತು ಅದರ ಬಗೆಯವು. ಜನ ದರ್ಪಕ್ಕೆ ಅವನ್ನು ಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ. ಆ ದಿನದಿಂದ ಹಾಗನ್ನಿಸುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ತೀರ್ಮಾನಿಸಿದ್ದು ಯಾರದೋ ಮಂಡಿನೋವು.

ಆಮೇಲಿಂದ ಒಂದು ಅಳತೆ ಟೇಪು ಒಯ್ಯುತ್ತಿದ್ದೇನೆ. ನೆಲದಿಂದ ಹಿಂದಿನ ಸೀಟಿನ ಅಂಚಿನ ಎತ್ತರ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲು ಎಷ್ಟು ದಪ್ಪ. ಇವುಗಳಲ್ಲಿ ಒಂದೂ ಬ್ರೋಷರಿನಲ್ಲಿ ಸಿಗಲಿಲ್ಲ.

*

ಡಿಕ್ಕಿಯ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ವರ್ನಾ 528, ಸ್ಲಾವಿಯಾ 521, ಸಿಟಿ 506. 2025ರಲ್ಲಿ ಉತ್ಪಾದನೆ ನಿಂತ ಮಾರುತಿ ಸಿಯಾಜ್ 510. ಬಿಡದಿಯಲ್ಲಿ ತಯಾರಾಗಿ 2020ರಲ್ಲಿ ನಿಂತುಹೋದ ಟೊಯೊಟಾ ಎಟಿಯೋಸ್ ಸೆಡಾನಿಗೆ 595. ಇವತ್ತಿಗೂ ಟ್ಯಾಕ್ಸಿಯವರು ಅದನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆದರೆ ಲೀಟರು ಡಿಕ್ಕಿಯ ಬಾಯಿಯ ಸುದ್ದಿ ಹೇಳುವುದಿಲ್ಲ. ಒಳಗೆ ಕೋಣೆಯಷ್ಟು ಜಾಗವಿದ್ದರೂ ಬಾಯಿ ಕಿರಿದಾದರೆ ದೊಡ್ಡ ಸೂಟ್‌ಕೇಸು ಓರೆಯಾಗಿಯೇ ಹೋಗಬೇಕು. ಮುಚ್ಚಳದ ಎರಡು ಬಾಗಿದ ಕಬ್ಬಿಣದ ತೋಳುಗಳು ಮುಚ್ಚುವಾಗ ಒಳಗಿಳಿದು ಅಕ್ಕಪಕ್ಕದ ಬ್ಯಾಗುಗಳನ್ನು ಒತ್ತುತ್ತವೆ. ಮಡಚುವ ವೀಲ್‌ಚೇರ್ ಅಥವಾ ವಾಕರ್ ಬೇಕಾಗುವ ಮನೆಯವರು ಅದನ್ನು ಜೊತೆಗೇ ಒಯ್ದು ಇಟ್ಟು ನೋಡಬೇಕು.

ಸಿಟಿಯ ಹೈಬ್ರಿಡ್ ಮಾದರಿ 2022ರಲ್ಲಿ ಬಂತು. ಬ್ಯಾಟರಿಗೆ ಜಾಗ ಕೊಟ್ಟು ಅದರ ಡಿಕ್ಕಿ 306 ಲೀಟರಿಗೆ ಇಳಿಯಿತು. ಮೈಲೇಜು ನಿಜಕ್ಕೂ ಚೆನ್ನಾಗಿದೆ, ಊರೊಳಗಂತೂ ಬಹಳ ಹಿತ. ಆದರೆ ಐದು ಜನ ಹಬ್ಬಕ್ಕೆ ಊರಿಗೆ ಹೊರಟರೆ ಇನ್ನೂರು ಲೀಟರಿನ ಸಾಮಾನು ತೊಡೆಯ ಮೇಲೆ ಬರುತ್ತದೆ.

*

ಕಾರಿನ ತೆರಿಗೆಯಲ್ಲಿ ನಾಲ್ಕು ಮೀಟರಿನ ಒಂದು ಗೆರೆಯಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಎಕ್ಸೈಸ್ ಸುಂಕ ಇಳಿಸುವಾಗ ಹಾಕಿದ್ದು: ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ, ಡೀಸೆಲ್ 1500 ಸಿಸಿಯೊಳಗೆ. 2008ರಲ್ಲಿ ಬಂದ ಸ್ವಿಫ್ಟ್ ಡಿಜೈರ್ 4160 ಮಿಲಿಮೀಟರ್ ಉದ್ದವಿತ್ತು. 2012ರಲ್ಲಿ ಅದನ್ನು 3995ಕ್ಕೆ ಇಳಿಸಿದರು. ಕಡಿತವಾದದ್ದು ಹಿಂಭಾಗ, ಅಂದರೆ ಡಿಕ್ಕಿ.

2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ಹೊರಗಿನದಕ್ಕೆ ಶೇ. 40. ಮೊದಲು ಸೆಸ್ ಸೇರಿ ಒಳಗಿನದಕ್ಕೆ 29, ಗೆರೆ ದಾಟಿದ ಈ ವರ್ಗದ ಸೆಡಾನಿಗೆ 45 ಇತ್ತು. ಎರಡೂ ಇಳಿದವು, ಸಂತೋಷ. ಆದರೆ ನಡುವಿನ ಅಂತರ 16ರಿಂದ 22ಕ್ಕೆ ಏರಿತು. ಐದು ಜನ ಆರಾಮವಾಗಿ ಕೂರುವ ಕಾರು ಐಷಾರಾಮಿ, ಇಕ್ಕಟ್ಟಾಗಿ ಕೂರುವ ಕಾರು ಸಾಮಾನ್ಯರದು ಎಂಬ ಈ ವಿಂಗಡಣೆ ನನಗೆ ಸರಿ ಕಾಣುವುದಿಲ್ಲ. ಅಕ್ಕನ ಮನೆಗೆ ಬೇಕಾಗಿರುವುದು ಆಡಂಬರವಲ್ಲ, ಹಿಂದಿನ ಸೀಟಿನಲ್ಲಿ ಇನ್ನೊಂದು ಗೇಣು ಜಾಗ.

ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. ಹದಿನಾಲ್ಕು ಲಕ್ಷದ ಕಾರಿಗೆ ಎರಡು ಲಕ್ಷ ಅರವತ್ತು ಸಾವಿರದ ಮೇಲೆ. ಭಾವ ಈ ಲೆಕ್ಕ ನೋಡಿದ ಸಂಜೆಯೇ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದರು. ಇದೇ ರಾಜ್ಯದಲ್ಲಿ ನೋಂದಣಿಯಾದ ಹಳೆಯ ಕಾರಿಗೆ ಆ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ.

*

ದೆಹಲಿ ನೋಂದಣಿಯ ಕಾರುಗಳು ಅಗ್ಗವಾಗಿ ಸಿಗುತ್ತವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ನಿರ್ಬಂಧ ಬಂದದ್ದು ಇದಕ್ಕೊಂದು ಕಾರಣ. ಆದರೆ ಇಲ್ಲಿಗೆ ತಂದ ಮೇಲೆ ಎನ್‌ಒಸಿ, ಮರುನೋಂದಣಿ, ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಎಲ್ಲ ಕೂಡಿದರೆ ಉಳಿದ ಹಣ ಅಲ್ಲಿಗೇ ಹೋಯಿತು.

*

ಗ್ಯಾರೇಜಿನವರ ಜೊತೆ ಹಳೇ ಕಾರು ನೋಡುವುದೇ ಬೇರೆ ವಿದ್ಯೆ. ನಮ್ಮ ಜೊತೆ ಬಂದವರು ಬಾನೆಟ್ ತೆರೆಯುವ ಮುನ್ನ ಅದರ ಮೇಲೆ ಅಂಗೈ ಇಟ್ಟರು. ಬಿಸಿಯಿತ್ತು. "ನಾವು ಬರೋಕ್ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಸಾರ್. ಇನ್ನೊಂದ್ ದಿನ ಬೆಳಿಗ್ಗೆ ಬರೋಣ" ಎಂದರು. ತಣ್ಣಗಿರುವ ಎಂಜಿನ್ನು ಮೊದಲ ಬಾರಿಗೆ ಎದ್ದಾಗಿನ ಸದ್ದು, ಹೊಗೆ ಅವರಿಗೆ ಬೇಕಿತ್ತು.

ಇನ್ನೊಂದು ಕಾರಿನಲ್ಲಿ ಬಾಗಿಲ ಸುತ್ತಲಿನ ರಬ್ಬರ್ ಎಳೆದು ಕೆಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ತೋರಿಸಿದರು. ಕಾರ್ಖಾನೆಯ ಚುಕ್ಕೆಗಳು ಸಮನಾಗಿ ಸಾಲಾಗಿರುತ್ತವೆ, ಟಿಂಕರಿಂಗ್ ಆಗಿದ್ದರೆ ಆ ಸಾಲು ಕೆಟ್ಟಿರುತ್ತದೆ. ಫೆಂಡರಿನ ಬೋಲ್ಟುಗಳ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ. ಎಲ್ಲ ಗಾಜುಗಳ ಮೂಲೆಯಲ್ಲೂ ತಯಾರಿಕೆಯ ವರ್ಷದ ಗುರುತಿರುತ್ತದೆ, ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಆ ಬದಿಗೆ ಏನೋ ಆಗಿದೆ. ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸುತ್ತ ನೀರಲ್ಲಿ ನಿಂತ ಕಾರುಗಳ ಚಿತ್ರ ಎಲ್ಲರಿಗೂ ನೆನಪಿದೆ. ಅಂಥದ್ದೇನಾದರೂ ಆಗಿದೆಯೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಬೇಕು. ಸೀಟು ತೊಳೆಸುವವರು ಸುರುಳಿಯೊಳಗಿನ ಬೆಲ್ಟು ತೊಳೆಸಿರುವುದಿಲ್ಲ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಕಂಡರೂ ಸಂಶಯ ಬರಬೇಕು. ಮಂಗಳೂರು, ಉಡುಪಿ, ಕಾರವಾರದ ಕಾರಾದರೆ ಅಡಿಭಾಗವನ್ನು ಲಿಫ್ಟಿಗೆ ಹಾಕಿಯೇ ನೋಡಬೇಕು, ಉಪ್ಪುಗಾಳಿ ಕೆಲಸ ಮಾಡುವುದು ಅಲ್ಲಿ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದು. ಮೀಟರು ಎಷ್ಟು ಓಡಿದೆ ಎಂಬ ಅಂಕಿಯನ್ನು ಅವರು ಹೆಚ್ಚು ನಂಬಲಿಲ್ಲ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ನೇರ ಹಿಂದಿನ ಬಾಗಿಲು ತೆಗೆದರು. ಎಡಬದಿಯ ಸೀಟು ಒಂದೇ ಕುಸಿದಿದ್ದರೆ ಡ್ರೈವರ್ ಇಟ್ಟು ಓಡಿಸಿದ ಕಾರು. ಮೂರೂ ಕಡೆ ಸಮನಾಗಿ ಸವೆದಿದ್ದರೆ ತುಂಬು ಮನೆಯದು, ಇಲ್ಲವೇ ಬಾಡಿಗೆಗೆ ಓಡಿದ್ದು. ಹಿಂದಿನ ಸೀಟು ಹೊಸದರಂತಿದ್ದು ಡ್ರೈವರ್ ಸೀಟಿನ ಬಲ ಅಂಚು ಹರಿದಿದ್ದರೆ ಒಬ್ಬರೇ ದಿನವೂ ಹತ್ತಿ ಇಳಿದಿದ್ದಾರೆ. ಕಾರಿನ ಹಿಂದಿನ ಬದುಕು ಹೀಗೆ ಸೀಟಿನಲ್ಲಿ ಉಳಿದಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

*

ಬಿಎಸ್6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಶಾಲೆ, ಆಸ್ಪತ್ರೆ, ತರಕಾರಿ ಅಂಗಡಿ ಎಂದು ಮೂರು ಮೂರು ಕಿಲೋಮೀಟರ್ ಓಡುವ ಮನೆಗೆ ಅದು ಹೊಂದುವುದಿಲ್ಲ. ಡೀಸೆಲ್ ಕಾರುಗಳನ್ನು ಪಟ್ಟಿಯಿಂದ ತೆಗೆದೆವು.

*

ಇನ್ನು ಸುರಕ್ಷತೆಯ ನಕ್ಷತ್ರಗಳ ವಿಚಾರ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2023ರಲ್ಲಿ ಸ್ಲಾವಿಯಾ, ವರ್ಟಸ್, ವರ್ನಾ ಮೂರಕ್ಕೂ ಐದು ನಕ್ಷತ್ರ. ವರದಿ ತೆರೆದು ನೋಡಿದರೆ ಮೊದಲ ಎರಡರ ಬಾಡಿ ಶೆಲ್ ಸ್ಥಿರ, ವರ್ನಾದ್ದು ಅಸ್ಥಿರ ಎಂದಿದೆ. ನಕ್ಷತ್ರದ ಎಣಿಕೆ ಒಂದೇ, ಒಳಗಿನ ಮಾತು ಬೇರೆ.

ಇನ್ನೊಂದು ಗಮನಿಸಿದೆ. ಮುಂದಿನಿಂದ ಗುದ್ದಿಸುವ ಆ ಪರೀಕ್ಷೆಯಲ್ಲಿ ದೊಡ್ಡವರ ಗಾತ್ರದ ಬೊಂಬೆಗಳಿರುವುದು ಮುಂದಿನ ಎರಡು ಸೀಟುಗಳಲ್ಲಿ. ಹಿಂದೆ ಇರುವುದು ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು. ಎಪ್ಪತ್ತು ದಾಟಿದ ಅಜ್ಜಿ ಹಿಂದೆ ಕೂತಿದ್ದರೆ ಏನಾಗುತ್ತದೆ ಎಂದು ಆ ನಕ್ಷತ್ರಗಳು ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರಲ್ಲ, ಅವತ್ತು ಪ್ರಾಣ ಕಳೆದುಕೊಂಡ ಇಬ್ಬರೂ ಹಿಂದಿನ ಸೀಟಿನವರು, ಮುಂದಿದ್ದ ಇಬ್ಬರು ಉಳಿದರು. ಹಿಂದೆ ಬೆಲ್ಟ್ ಹಾಕದಿದ್ದರೆ ಒಂದು ಸಾವಿರ ದಂಡವೆಂಬುದು ಕಾನೂನಿನಲ್ಲಿದೆ. ನಾನು ನೋಡಿದ ಹಳೇ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಕೊಂಡಿಗಳು ಹೆಚ್ಚಿನವು ಸೀಟ್ ಕವರಿನ ಅಡಿಯಲ್ಲಿ ಹೂತಿದ್ದವು. ನಡುವೆ ಕೂರುವವರಿಗಂತೂ ಹಳೆಯ ಎಷ್ಟೋ ಮಾದರಿಗಳಲ್ಲಿ ಸೊಂಟದ ಪಟ್ಟಿ ಮಾತ್ರ.

ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಐದು ಜನಕ್ಕೆ ಐದು ಸರಿಯಾದ ಬೆಲ್ಟ್ ಇಲ್ಲದ ಕಾರನ್ನು ಐದು ಜನರ ಕಾರು ಎನ್ನಬಾರದು.

*

ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಟೈರಿನ ಗಾಳಿಯ ಸ್ಟಿಕರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಸಾಲು: ಕಡಿಮೆ ಜನ ಇದ್ದಾಗ ಇಷ್ಟು, ಪೂರ್ತಿ ತುಂಬಿದಾಗ ಹಿಂದಿನ ಟೈರಿಗೆ ಇಷ್ಟು. ಸ್ಟೀರಿಂಗ್ ಪಕ್ಕದಲ್ಲಿ ಹೆಚ್ಚಿನ ಕಾರುಗಳಲ್ಲಿ 0, 1, 2, 3 ಎಂದಿರುವ ಒಂದು ಸಣ್ಣ ಚಕ್ರ. ಹಿಂದೆ ಭಾರ ಬಿದ್ದು ಕಾರಿನ ಮೂತಿ ಎದ್ದಾಗ ಹೆಡ್‌ಲೈಟನ್ನು ಕೆಳಗಿಳಿಸಲು ಅದು. ತಯಾರಿಸಿದವರಿಗೆ ತುಂಬಿದ ಕಾರಿನ ನೆನಪಿತ್ತು ಎಂಬುದಕ್ಕೆ ನನಗೆ ಸಿಕ್ಕ ಎರಡು ಸಾಕ್ಷಿಗಳು ಇವು. ಎಷ್ಟೋ ವರ್ಷ ಕಾರು ಓಡಿಸಿದವರನ್ನು ಕೇಳಿದೆ, ಆ ಚಕ್ರ ಯಾಕಿದೆ ಎಂದು ಹೇಳಿದವರು ಕಡಿಮೆ.

*

ಸೆಡಾನಿನ ಪರವಾಗಿ ಬರೆಯಲೇಬೇಕು. ಭಾವನ ಇಷ್ಟದಲ್ಲಿ ಹುರುಳಿದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಎತ್ತರದ ಕಾರು ವಾಲುವಷ್ಟು ಇದು ವಾಲುವುದಿಲ್ಲ, ಭಾರವೆಲ್ಲ ಕೆಳಗೇ ಇರುತ್ತದೆ. ಅಕ್ಕನ ಚಿಕ್ಕ ಮಗನಿಗೆ ಘಾಟಿಯೆಂದರೆ ವಾಂತಿ. ಪರಿಚಯದವರ ಸೆಡಾನಿನಲ್ಲಿ ಹೋದಾಗ ಅವನು ನಿದ್ದೆ ಮಾಡಿದ. ಡಿಕ್ಕಿ ಬೇರೆಯೇ ಪೆಟ್ಟಿಗೆಯಾದ್ದರಿಂದ ಊರಿನಿಂದ ತಂದ ಹಲಸಿನಹಣ್ಣಿನ ವಾಸನೆ ಒಳಗೆ ಬರುವುದು ಕಡಿಮೆ. ಜೋರು ಬ್ರೇಕ್ ಹಾಕಿದರೆ ಹಿಂದಿನ ಸಾಮಾನು ತಲೆಗೆ ಬಂದು ಬಡಿಯುವ ಭಯವೂ ಇಲ್ಲ.

*

ಈಗ ಕಾರು ಮಾರುವವರಿಗೆ ಫೋನಿನಲ್ಲೇ ಹೇಳುತ್ತೇವೆ: ಐದೂ ಜನ ಬರುತ್ತೇವೆ, ಬ್ಯಾಗು ತರುತ್ತೇವೆ, ತುಂಬಿಸಿಯೇ ಓಡಿಸಿ ನೋಡುತ್ತೇವೆ. ಇಬ್ಬರು ಬ್ರೋಕರುಗಳು ಅಲ್ಲಿಗೇ ಫೋನ್ ಇಟ್ಟರು. ಮೈಸೂರಿನ ಒಬ್ಬ ಮಾಲೀಕರು, ನಿವೃತ್ತ ಮೇಷ್ಟ್ರು, "ಬನ್ನಿ, ಅದೇ ಸರಿ" ಎಂದರು. ಹಳೆಯ ಸಿಟಿ, ಪೆಟ್ರೋಲ್, ಸಿಂಗಲ್ ಓನರ್. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಎಂದು ಮಾತಾಯಿತು. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು, ಅದು ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ನಮ್ಮ ಹೆಸರಿಗೆ ಬಂದಾಗ ಪ್ರೀಮಿಯಂ ಹೆಚ್ಚಾಗುತ್ತದೆ.

ಐದು ಜನ ಕೂತು ವರ್ತುಲ ರಸ್ತೆಗೆ ಹೋದರು. ಮುಂದಿನ ಸೀಟಿನಲ್ಲಿ ಅಕ್ಕನ ಅತ್ತೆ, ಹಿಂದೆ ಅಕ್ಕ, ಮಕ್ಕಳು. ನಾನು ಬಸ್ ಸ್ಟಾಪಿನ ಬಳಿ ನಿಂತು ಹೊರಗಿನಿಂದ ನೋಡಿದೆ. ಗುಂಡಿ ದಾಟಿದ ಮೇಲೆ ಕಾರಿನ ಹಿಂಭಾಗ ಒಮ್ಮೆ ಏರಿಳಿದು ನಿಲ್ಲಬೇಕಿತ್ತು, ಮೂರು ಸಲ ಕುಣಿಯಿತು. ಖಾಲಿ ಕಾರು ಓಡಿಸಿದಾಗ ಇದು ಕಂಡಿರಲಿಲ್ಲ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಎಂದರು ಗ್ಯಾರೇಜಿನವರು. ಅಷ್ಟು ಹಣವನ್ನು ಬೆಲೆಯಲ್ಲಿ ಇಳಿಸಿಕೊಡಿ ಎಂದು ಭಾವ ಕೇಳಿದ್ದಾರೆ. ಮೇಷ್ಟ್ರು ಮಗನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.