ಗಾಳಿಯ ಹಾದಿ ಕಾಯುವವರು

ಅಗ್ನಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳು ಹಲವು. ‘ವಾಯುಸಖ’ ಎಂಬುದು ಅವುಗಳಲ್ಲಿ ಒಂದು. ಗಾಳಿಯನ್ನು ಗೆಳೆಯನನ್ನಾಗಿ ಉಳ್ಳವನು ಎಂದು ಅದರ ಅರ್ಥ. ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ತಾಯಿಗೂ ಕುಲುಮೆಯ ಮುಂದೆ ತಿದಿಯೊತ್ತುವ ಕಮ್ಮಾರನಿಗೂ ಈ ಗೆಳೆತನದ ಗುಟ್ಟು ಗೊತ್ತು. ಗೆಳೆಯರಿಬ್ಬರೂ ಹದವರಿತು ಕೂಡಿದರೆ ಅಡುಗೆಯಾಗುತ್ತದೆ, ನೇಗಿಲಿನ ಕುಳ ಸಿದ್ಧವಾಗುತ್ತದೆ. ಹದ ಮೀರಿ ಕೂಡಿದರೆ ಊರಿಗೆ ಊರೇ ಬೂದಿಯಾಗುತ್ತದೆ. ಇವರಿಬ್ಬರು ಎಂದು, ಎಲ್ಲಿ ಹದ ಮೀರಿ ಕೂಡುವರೆಂಬುದನ್ನು ಮೊದಲೇ ಅರಿತು ಹೇಳುವುದು ಕೆಲವರ ನಿತ್ಯದ ಉದ್ಯೋಗವಾಗಿದೆ ಎಂದರೆ ನೀವು ನಂಬುವಿರಾ? ಅವರಿಗೆ ಸಂಬಳ ಕೊಡುವುದು ಅಗ್ನಿಶಾಮಕ ದಳವಲ್ಲ, ಅರಣ್ಯ ಇಲಾಖೆಯೂ ಅಲ್ಲ. ಮನೆಮನೆಗೆ ದೀಪ ಒದಗಿಸುವ ವಿದ್ಯುತ್ ಕಂಪೆನಿ ಎಂದರೆ ನಿಮಗೆ ಇನ್ನಷ್ಟು ಸೋಜಿಗವಾದೀತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಕೆಲಸದಲ್ಲಿದ್ದಾಳೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಆಕೆ ಶಾಲೆಗೆ ಬರುವ ದಾರಿಯಲ್ಲಿ ತಾಲ್ಲೂಕು ಕಚೇರಿಯ ಅಂಗಳದ ಮಳೆಮಾಪಕದ ಬಳಿ ನಿಲ್ಲುತ್ತಿದ್ದಳು. ಎಂಟೂವರೆ ಗಂಟೆಗೆ ಜವಾನನು ಅಳೆದ ಮಳೆಯ ಲೆಕ್ಕವನ್ನು ಕೇಳಿಕೊಂಡು ಬಂದು, ಕನ್ನಡ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಮುಂದೆ ಮೈಸೂರಿನಲ್ಲಿ ಭೌತಶಾಸ್ತ್ರವನ್ನೂ ಅಮೆರಿಕದಲ್ಲಿ ವಾಯುಮಂಡಲ ವಿಜ್ಞಾನವನ್ನೂ ಓದಿ, ದಕ್ಷಿಣ ಕ್ಯಾಲಿಫೋರ್ನಿಯದ ಒಂದು ವಿದ್ಯುತ್ ಕಂಪೆನಿಯಲ್ಲಿ ಹವಾಮಾನ ತಜ್ಞೆಯಾದಳು. ನಿವೃತ್ತನಾದ ಮೇಲೆ ನಾನು ಅದೇ ಸೀಮೆಯಲ್ಲಿರುವ ನನ್ನ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಆಗ ಈಕೆ ವಾರಕ್ಕೊಮ್ಮೆಯಾದರೂ ಬಂದು ನನ್ನನ್ನು ಬೆಟ್ಟಗುಡ್ಡಗಳಿಗೆ ಕರೆದೊಯ್ಯುತ್ತಿದ್ದಳು. ನಾನು ಆಕೆಗೆ ವ್ಯಾಕರಣ ಕಲಿಸಿದ್ದೆ; ಆಕೆ ನನಗೆ ಗಾಳಿಯನ್ನು ಓದಲು ಕಲಿಸಿದಳು.

ನಮ್ಮ ನಾಡಿನಲ್ಲಿ ಬೇಸಗೆಯ ಬೆನ್ನಿಗೇ ಮುಂಗಾರು ಬರುತ್ತದೆ. ಅಲ್ಲಿ ಹಾಗಲ್ಲ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆ ಪೂರ್ತಿ ಒಣಹವೆ. ಅಕ್ಟೋಬರ್ ಹೊತ್ತಿಗೆ ಬೆಟ್ಟದ ಹುಲ್ಲು ದರಕಾಗಿ, ಕುರುಚಲು ಗಿಡಗಳು ಮುಟ್ಟಿದರೆ ಮುರಿಯುವಂತಾಗುತ್ತವೆ. ಅಂಥ ಕಾಲದಲ್ಲಿಯೇ ‘ಸಾಂತಾ ಆನಾ’ ಎಂಬ ಗಾಳಿ ಏಳುತ್ತದೆ. ಈಶಾನ್ಯಕ್ಕಿರುವ ನೆವಾಡ, ಯೂಟಾ ಪ್ರದೇಶಗಳ ಎತ್ತರದ ಒಣಭೂಮಿಯ ಮೇಲೆ ವಾಯುವಿನ ಒತ್ತಡ ಹೆಚ್ಚಿದಾಗ, ಅಲ್ಲಿಯ ಗಾಳಿ ಕಡಲಿನ ಕಡೆಗೆ ಇಳಿಜಾರು ಹಿಡಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತದೆ, ಕುಗ್ಗಿದಂತೆ ಬಿಸಿಯಾಗುತ್ತದೆ. ಒಣಗಾಳಿ 1000 ಮೀಟರ್ ಇಳಿದರೆ ಅದರ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೀಗೆ ಬಿಸಿಯೇರಿ, ಕಣಿವೆಗಳ ಇಕ್ಕಟ್ಟಿನಲ್ಲಿ ನುಗ್ಗಿ ವೇಗ ಪಡೆದು, ಅದು ಊರುಗಳನ್ನು ತಲಪುವ ವೇಳೆಗೆ ಅದರ ಸಾಪೇಕ್ಷ ಆರ್ದ್ರತೆ ಶೇಕಡ 10ಕ್ಕಿಂತಲೂ ಕೆಳಗಿಳಿದಿರುವುದುಂಟು. ಹೊರಗೆ ಒಣಹಾಕಿದ ಬಟ್ಟೆ ನೋಡುನೋಡುತ್ತಿರುವಂತೆಯೇ ಆರಿ ಸೆಟೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಇದರಲ್ಲಿ ವಿದ್ಯುತ್ ಕಂಪೆನಿಯ ಪಾತ್ರವೇನು? ಒಂದು ತಂತಿ. ಬಿರುಗಾಳಿಗೆ ತಂತಿ ತಂತಿಗೆ ತಾಗಿದರೆ, ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ, ಕಂಬದ ಕೊಕ್ಕೆ ಸವೆದು ತಂತಿ ಕಳಚಿದರೆ ಕಿಡಿ ಹಾರುತ್ತದೆ. ಬೇರೆ ದಿನಗಳಲ್ಲಿ ಆ ಕಿಡಿ ನೆಲಕ್ಕೆ ಬಿದ್ದು ಆರಿಹೋದೀತು. ಆದರೆ ತಂತಿಯನ್ನು ಹರಿಯುವ ಗಾಳಿಯೇ ಕಿಡಿಯನ್ನು ಊದುವ ಗಾಳಿಯೂ ಆಗಿರುತ್ತದೆ. ಈ ಕಷ್ಟದ ಬೇರು ಇರುವುದು ಇಲ್ಲಿಯೇ.

2007ರ ಅಕ್ಟೋಬರ್ ತಿಂಗಳಲ್ಲಿ ಸ್ಯಾನ್ ಡಿಯಾಗೊ ಸೀಮೆಯಲ್ಲಿ ವಿದ್ಯುತ್ ತಂತಿಗಳಿಂದ ಹೊತ್ತಿದ ಬೆಂಕಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಕಾಳ್ಗಿಚ್ಚುಗಳಿಗೆ ಸಿಕ್ಕಿ 173 ಮಂದಿ ಸತ್ತರು; ಅವರಲ್ಲಿ 119 ಮಂದಿಯನ್ನು ಬಲಿ ತೆಗೆದುಕೊಂಡ ಬೆಂಕಿ ತುಂಡಾದ ಒಂದು ವಿದ್ಯುತ್ ತಂತಿಯಿಂದ ಹುಟ್ಟಿತ್ತು. 2018ರ ನವೆಂಬರ್ 8ರಂದು ಉತ್ತರ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಪಟ್ಟಣ ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು. 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅದಕ್ಕೆ ಕಾರಣವಾದದ್ದು ಒಂದು ಶತಮಾನಕ್ಕೆ ಸಮೀಪದ ಹಳೆಯ ತಂತಿಮಾರ್ಗದ ಸವೆದ ಕೊಕ್ಕೆ. ಗಾಳಿಯ ಕಾರಣದಿಂದ ವಿದ್ಯುತ್ ನಿಲ್ಲಿಸಬೇಕಾಗಬಹುದೆಂದು ಕಂಪೆನಿಯು ಎರಡು ದಿನ ಮೊದಲೇ ಆ ಸೀಮೆಯ ಜನರಿಗೆ ತಿಳಿಸಿತ್ತು, ಕೊನೆಗೆ ನಿಲ್ಲಿಸಲಿಲ್ಲ. 2020ರಲ್ಲಿ ಆ ಕಂಪೆನಿಯು ನ್ಯಾಯಾಲಯದಲ್ಲಿ 84 ಜನರ ಸಾವಿನ ಅಪರಾಧವನ್ನು ಒಪ್ಪಿಕೊಂಡಿತು.

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂಬ ಗಾದೆ ನಮ್ಮಲ್ಲುಂಟು. ಬೆಂಕಿ ಬೀಳುವ ಮೊದಲೇ ಬಾವಿ ತೋಡುವವರು ಈ ಹವಾಮಾನ ತಜ್ಞರು. 2007ರ ಅನಾಹುತದ ತರುವಾಯ ಸ್ಯಾನ್ ಡಿಯಾಗೊ ಸೀಮೆಯ ವಿದ್ಯುತ್ ಕಂಬಗಳ ಮೇಲೆ ಇನ್ನೂರಕ್ಕೂ ಹೆಚ್ಚು ಪುಟ್ಟ ಹವಾಮಾನ ಕೇಂದ್ರಗಳು ತಲೆಯೆತ್ತಿವೆ. ಅವು ಗಾಳಿಯ ವೇಗ, ದಿಕ್ಕು, ಉಷ್ಣತೆ, ತೇವಾಂಶಗಳನ್ನು ಹತ್ತು ಹತ್ತು ನಿಮಿಷಕ್ಕೂ ತಿಳಿಸುತ್ತಿರುತ್ತವೆ. ಗಣಕಯಂತ್ರಗಳು ಆ ಲೆಕ್ಕಗಳನ್ನೆಲ್ಲ ನುಂಗಿ, ಮುಂದಿನ ಕೆಲವು ದಿನಗಳ ಗಾಳಿಯ ನಕ್ಷೆಯನ್ನು ಬರೆದುಕೊಡುತ್ತವೆ. ಆದರೂ ಈ ವಿದ್ಯೆ ಕೇವಲ ಯಂತ್ರಗಳದ್ದಲ್ಲ. ಒಂದು ದಿನ ಆಕೆ ನನಗೆ ಬೆಟ್ಟದ ಮೇಲೆ ಬಯಲಿನಲ್ಲಿ ನೆಲದಿಂದ ತುಸು ಎತ್ತರಕ್ಕೆ ಇರಿಸಿದ್ದ ಪೈನ್ ಮರದ ಕಡ್ಡಿಗಳನ್ನು ತೋರಿಸಿದಳು. ಪೂರ್ತಿ ಒಣಗಿದಾಗ ಅವುಗಳ ತೂಕ ಸರಿಯಾಗಿ 100 ಗ್ರಾಂ. ತೂಗಿದಾಗ 108 ಗ್ರಾಂ ಬಂದರೆ, ಆ ಬೆಟ್ಟದ ಸಣ್ಣ ಒಣಸೌದೆಯಲ್ಲಿ ಶೇಕಡ 8ರಷ್ಟು ತೇವವಿದೆ ಎಂದು ಲೆಕ್ಕ. ಹಸಿರು ಗಿಡಗಳ ಪರೀಕ್ಷೆಯೂ ಇಷ್ಟೇ ಸರಳ: ಎಲೆ, ಚಿಗುರುಗಳನ್ನು ಕತ್ತರಿಸಿ ತಂದು ತೂಗುವುದು, ಒಲೆಯಲ್ಲಿ ಒಣಗಿಸುವುದು, ಮತ್ತೆ ತೂಗುವುದು. ಎರಡು ತೂಕಗಳ ನಡುವಿನ ಅಂತರವೇ ಗಿಡದಲ್ಲಿದ್ದ ನೀರು. “ಮೇಷ್ಟ್ರೇ, ಎಷ್ಟು ಯಂತ್ರಗಳಿದ್ದರೂ ಕೊನೆಗೆ ತಕ್ಕಡಿ ಹಿಡಿಯಲೇಬೇಕು” ಎಂದು ಆಕೆ ನಕ್ಕಳು.

ಗಾಳಿ ಜೋರಾಗುವ, ಸೌದೆ ಒಣಗಿರುವ, ತೇವ ಇಳಿದಿರುವ ದಿನಗಳು ಒಟ್ಟಾಗಿ ಬರುತ್ತಿವೆ ಎಂದು ಕಂಡಾಗ ಆಕೆ ಮೇಲಧಿಕಾರಿಗಳಿಗೆ ವರದಿ ಒಪ್ಪಿಸಬೇಕು. ಯಾವ ಕಣಿವೆಯಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ವೇಗದ ಗಾಳಿ, ಅದು ಬರುವ ಸಂಭವವೆಷ್ಟು ಎಂಬುದನ್ನು ಅಂಕಿಗಳಲ್ಲಿ ಹೇಳಬೇಕು. ತೀರ್ಮಾನ ಅಧಿಕಾರಿಗಳದ್ದು, ಆದರೆ ತೀರ್ಮಾನ ನಿಲ್ಲುವುದು ಆಕೆಯ ಮಾತಿನ ಮೇಲೆ. ಅಪಾಯ ಹೆಚ್ಚೆಂದು ತೋರಿದರೆ ಆ ಕಣಿವೆಯ ತಂತಿಗಳಲ್ಲಿ ವಿದ್ಯುತ್ ಹರಿಯದಂತೆ ನಿಲ್ಲಿಸಿಬಿಡುತ್ತಾರೆ. ಸತ್ತ ತಂತಿ ಹರಿದು ಬಿದ್ದರೂ ಕಿಡಿಯಿಲ್ಲ, ಬೆಂಕಿಯಿಲ್ಲ.

ಕೇಳುವುದಕ್ಕೆ ಇದು ಸುಲಭದ ಉಪಾಯ. ನಮ್ಮ ಹಳ್ಳಿಗಳಲ್ಲಿಯೂ ಮುಂಗಾರಿನ ಮೊದಲ ಗಾಳಿ ಬೀಸಿದೊಡನೆ ದೀಪ ಹೋಗುವುದು ನಮಗೆಲ್ಲ ರೂಢಿಯಾಗಿದೆಯಲ್ಲವೆ? ಆದರೆ ಎಲ್ಲಕ್ಕೂ ವಿದ್ಯುತ್ತನ್ನೇ ನೆಚ್ಚಿದ ನಾಡಿನಲ್ಲಿ ಎರಡು ದಿನ ಅದಿಲ್ಲವೆಂದರೆ ಬದುಕೇ ನಿಂತಂತೆ. ಗುಡ್ಡಗಾಡಿನ ಮನೆಗಳಲ್ಲಿ ಬಾವಿಯ ಪಂಪು ತಿರುಗದು. ಜನಕ್ಕೂ ಕುದುರೆಗಳಿಗೂ ನೀರಿಲ್ಲ. ಅಂಗಡಿಯವನ ಹಾಲು, ಮಾಂಸ ಕೆಡುತ್ತವೆ. 2019ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಕ್ಯಾಲಿಫೋರ್ನಿಯದಲ್ಲಿ ಒಂದೇ ಸಲಕ್ಕೆ 9 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಹೀಗೆ ವಿದ್ಯುತ್ ನಿಂತಾಗ ಎದ್ದ ಜನರ ಕೋಪ ಸಾಮಾನ್ಯವಾದುದಲ್ಲ.

ಅಂಥ ಕೋಪದ ಒಂದು ಕಿಡಿಯನ್ನು ನಾನೇ ಹತ್ತಿರದಿಂದ ಕಂಡೆ. ಮಗಳ ಮನೆಯ ನೆರೆಯಲ್ಲಿ ಒಬ್ಬ ಮುದುಕರಿದ್ದರು. ಶ್ವಾಸಕೋಶದ ಕಾಯಿಲೆಯವರು, ಆಮ್ಲಜನಕ ಒದಗಿಸುವ ಯಂತ್ರವೊಂದು ಅವರ ಹಾಸಿಗೆಯ ಬಳಿ ಹಗಲಿರುಳು ಗುಂಯ್‌ಗುಡುತ್ತಿತ್ತು. ಒಂದು ರಾತ್ರಿ ಮೊದಲೇ ತಿಳಿಸಿದಂತೆ ವಿದ್ಯುತ್ ನಿಂತಿತು. ಕಂಪೆನಿಯವರು ಅವರಿಗೆ ಒಂದು ಬ್ಯಾಟರಿ ಪೆಟ್ಟಿಗೆಯನ್ನು ಕೊಟ್ಟಿದ್ದರು. ಆದರೂ ಅದರಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಅವರ ಹೆಂಡತಿ ಟಾರ್ಚು ಹಿಡಿದು ಗಂಟೆಗೊಮ್ಮೆ ನೋಡುತ್ತ ಬೆಳಗು ಮಾಡಿದರು. ನಮ್ಮ ಬೀದಿಯಲ್ಲಿ ಆ ರಾತ್ರಿ ಎಲೆಯೂ ಅಲುಗಲಿಲ್ಲ. “ಎಲ್ಲಿದೆಯಪ್ಪ ಆ ಬಿರುಗಾಳಿ?” ಎಂದು ಮುದುಕರು ಬೆಳಿಗ್ಗೆ ನನ್ನನ್ನು ಕೇಳಿದರು. ಅವರ ತುಟಿ ನಡುಗುತ್ತಿತ್ತು. ಗಾಳಿ ಇದ್ದದ್ದು ಗುಡ್ಡದ ಆಚೆ. ನಮ್ಮ ಮನೆಗಳಿಗೆ ಬರುವ ತಂತಿ ಆ ಗುಡ್ಡವನ್ನು ಹತ್ತಿಳಿದೇ ಬರಬೇಕು. ನನಗೆ ಅದು ಗೊತ್ತಿತ್ತು. ಆ ಎಚ್ಚರಿಕೆ ನೀಡಿದವಳು ಯಾರೆಂಬುದೂ ಗೊತ್ತಿತ್ತು. ಆದರೆ ಉಸಿರಿಗಾಗಿ ಒದ್ದಾಡಿದವರ ಮುಂದೆ ಭೂಗೋಳದ ಪಾಠ ಹೇಳಲು ನನಗೆ ನಾಲಗೆ ಏಳಲಿಲ್ಲ.

ಮೂರು ದಿನ ಕಳೆದು ಆಕೆ ಬಂದಾಗ ಈ ವಿಷಯ ಹೇಳಿದೆ. ಆಕೆಯ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಸಿಟ್ಟಾದದ್ದು ಸರಿಯೇ, ಮೇಷ್ಟ್ರೇ. ಬೆಂಕಿ ಬೀಳುವುದು ಸಂದೇಹ. ಅವರ ಯಂತ್ರ ನಿಲ್ಲುವುದು ಖಂಡಿತ. ಆ ಸಂದೇಹಕ್ಕಾಗಿ ಈ ಖಂಡಿತವಾದ ಕಷ್ಟವನ್ನು ಜನರ ಮೇಲೆ ಹೊರಿಸಿ ಎಂದು ಹೇಳುವವಳು ನಾನು. ಹಗುರವಾಗಿ ಹೇಳುವುದಕ್ಕಾಗುತ್ತದೆಯೇ?” ಎಂದಳು.

ಗಾಳಿ ಇಳಿದ ಮೇಲೆ ತಂತಿಗಳಿಗೆ ಕೂಡಲೇ ಜೀವ ಕೊಡುವಂತಿಲ್ಲ. ಕೆಲಸಗಾರರು ಹಗಲು ಬೆಳಕಿನಲ್ಲಿ ಕಾಲ್ನಡಿಗೆಯಿಂದಲೂ ಹೆಲಿಕಾಪ್ಟರಿನಿಂದಲೂ ಮಾರ್ಗವನ್ನೆಲ್ಲ ನೋಡಿ ಬರಬೇಕು. ಆ ಸಲ ಪಕ್ಕದ ಕಣಿವೆಯ ಒಂದು ಕಡೆ ನೀಲಗಿರಿ ಮರದ ಕೊಂಬೆ ಮುರಿದು ತಂತಿಗಳಿಗೆ ಅಡ್ಡಲಾಗಿ ಬಿದ್ದಿತ್ತಂತೆ. ತಂತಿಯಲ್ಲಿ ವಿದ್ಯುತ್ ಇದ್ದಿದ್ದರೆ ಏನಾಗುತ್ತಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರರು. ನಮ್ಮ ನೆರೆಯವರ ಮನೆಗೆ ಬರುವ ತಂತಿಯ ಮೇಲಾದರೋ ಒಂದು ಒಣಕಡ್ಡಿಯೂ ಬಿದ್ದಿರಲಿಲ್ಲ. ಇದನ್ನೂ ಆಕೆ ನನ್ನಿಂದ ಮುಚ್ಚಿಡಲಿಲ್ಲ.

ಈ ಉದ್ಯೋಗದ ವೈಚಿತ್ರ್ಯ ಇದು. ಬೆಂಕಿಯನ್ನು ಆರಿಸಿದವನ ಸಾಹಸ ಎಲ್ಲರ ಕಣ್ಣಿಗೂ ಕಾಣುತ್ತದೆ; ಹೊತ್ತದೆ ಹೋದ ಬೆಂಕಿಗೆ ಸಾಕ್ಷಿಯಿಲ್ಲ. ನಮ್ಮ ಕಡೆಯ ಕೆರೆಗಳನ್ನು ಕಾಯುವ ನೀರುಗಂಟಿಯ ಬಾಳೂ ಹೀಗೆಯೇ. ಮಳೆಯ ರಾತ್ರಿ ಅವನು ಲಾಟೀನು ಹಿಡಿದು ಏರಿಯ ಮೇಲೆ ನಡೆದು, ತೂಬು, ಕೋಡಿಗಳನ್ನು ನೋಡಿಕೊಂಡು ಬರುತ್ತಾನೆ. ಕೆರೆ ಒಡೆದರೆ ಊರೆಲ್ಲ ಅವನನ್ನು ಬೈಯುತ್ತದೆ. ಒಡೆಯದಿದ್ದರೆ ಅವನ ಹೆಸರನ್ನೂ ಎತ್ತುವುದಿಲ್ಲ.

ಮುನ್ನರಿವೊಂದೇ ಎಲ್ಲವನ್ನೂ ಉಳಿಸುತ್ತದೆ ಎಂದು ಹೇಳಲು ಬಾರದು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸೀಮೆಗೆ ಘೋರವಾದ ಗಾಳಿ ಬರಲಿದೆ ಎಂದು ಸರಕಾರಿ ಹವಾಮಾನ ಇಲಾಖೆ ದಿನಗಳ ಮೊದಲೇ ಸಾರಿತ್ತು. ಮಾತು ನಿಜವಾಯಿತು, ಆದರೂ 16,000ಕ್ಕೂ ಹೆಚ್ಚು ಕಟ್ಟಡಗಳು ಬೆಂಕಿಗೆ ಆಹುತಿಯಾದವು. ತಿಳಿದವರು ಹೇಳಿದರೆ ಮಾತ್ರ ಸಾಲದು. ಹೇಳಿದ್ದನ್ನು ನಡೆಸಲು ಗಟ್ಟಿಯಾದ ಕಂಬ, ಕಡಿದ ಕೊಂಬೆ, ತೆರವಾದ ದಾರಿ, ಸಿದ್ಧರಾದ ಜನ ಎಲ್ಲವೂ ಬೇಕು. ನಮ್ಮಲ್ಲಿಯೂ ಜೋತುಬಿದ್ದ ತಂತಿಗಳ ಕಿಡಿಯಿಂದ ಬೆಳೆದು ನಿಂತ ಕಬ್ಬಿನ ಗದ್ದೆಗಳು ಸುಡುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದದ್ದನ್ನು ನಾವು ಮರೆತಿಲ್ಲ. ಅದಕ್ಕೆ ಕಾರಣ ತಂತಿಯಲ್ಲದಿದ್ದರೂ, ಒಣಗಿದ ಕಾಡು, ಬೀಸುವ ಗಾಳಿ ಎರಡೂ ಅಲ್ಲಿದ್ದವು. ಗಾಳಿಯ ಹಾದಿ ಕಾಯುವ ಕೆಲಸ ಯಾವುದೋ ದೂರದ ನಾಡಿನದೆಂದು ನಾವು ತಿಳಿಯಬೇಕಾಗಿಲ್ಲ.

‘ಇಂದು ಮಳೆ ಬರುವ ಸಂಭವವಿದೆ’ ಎಂದು ಆಕಾಶವಾಣಿ ಹೇಳಿದ ದಿನ ಬಿಸಿಲು ಕಾದರೆ ನಾವು ನಗುತ್ತೇವೆ. ‘ಸಂಭವ’ ಎಂಬುದು ನಮಗೆ ನುಣುಚಿಕೊಳ್ಳುವ ಮಾತಾಗಿ ಕೇಳುತ್ತದೆ. ಆದರೆ ತಿಳಿದಷ್ಟನ್ನೇ ತಿಳಿದೆನೆಂದು, ಉಳಿದದ್ದನ್ನು ಸಂದೇಹವೆಂದು ಅಳೆದು ಹೇಳುವುದಕ್ಕೆ ಧೈರ್ಯ ಬೇಕು. ಬೈಗುಳ ಬರುವುದೆಂದು ತಿಳಿದಿದ್ದೂ ಹಾಗೆ ಹೇಳುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಹಾಗೆ ಹೇಳಿದ ಮೇಲೂ ತನ್ನ ಮಾತಿನಿಂದ ನೊಂದವರನ್ನು ಮರೆಯದೆ ಇರುವುದಕ್ಕೆ ಬೇಕಾದುದು ಧೈರ್ಯಕ್ಕಿಂತ ದೊಡ್ಡದು; ಅದನ್ನು ನಮ್ಮವರು ಅಂತಃಕರಣ ಎಂದು ಕರೆದಿದ್ದಾರೆ. ವಿಜ್ಞಾನವನ್ನು ಓದುವ ಮಕ್ಕಳು ಸೂತ್ರಗಳ ಜೊತೆಗೆ ಇದನ್ನೂ ಕಲಿತರೆ, ಅವರು ಹೇಳುವ ‘ಬಹುದು’ ಎಂಬ ಒಂದು ಪದದ ಮೇಲೆ ಊರು ನಂಬಿಕೆಯಿಟ್ಟು ಮಲಗಬಹುದು.