ಲೇಪಾಕ್ಷಿಯ ಪಗಡೆಯಾಟ

ನಂದಿಬೆಟ್ಟವನ್ನೇರುವವರಲ್ಲಿ ಅನೇಕರು ಅದರ ಬುಡದ ಭೋಗನಂದೀಶ್ವರನನ್ನು ಕಾಣದೆಯೇ ಹಿಂತಿರುಗುವುದುಂಟು. ಅದು ನಷ್ಟವೇ ಸರಿ. ಚಿಕ್ಕಬಳ್ಳಾಪುರಕ್ಕೆ ಸಮೀಪದ ಈ ದೇವಾಲಯದಲ್ಲಿ, ಉಮಾಮಹೇಶ್ವರನ ಗುಡಿಯೆದುರು ಕಪ್ಪುಶಿಲೆಯ ಕಲ್ಯಾಣಮಂಟಪವಿದೆ. ಅದರ ಕಂಬಗಳಲ್ಲಿ ಶಿವಪಾರ್ವತಿ, ಲಕ್ಷ್ಮೀನಾರಾಯಣ, ಬ್ರಹ್ಮಸರಸ್ವತಿ, ಅಗ್ನಿಸ್ವಾಹಾದೇವಿಯರು ಜೊತೆಜೊತೆಯಾಗಿದ್ದಾರೆ. ನವದಂಪತಿಗಳು ಇಲ್ಲಿಗೆ ಬಂದು ನಮಸ್ಕರಿಸುತ್ತಾರೆ. ಬೆಟ್ಟದ ಮೇಲಿನ ಯೋಗನಂದೀಶ್ವರನಾದರೋ ವಿರಾಗಿ.

ಮದುವೆಯಾದ ಬಳಿಕ ದೇವದಂಪತಿಗಳು ಹೊತ್ತು ಕಳೆದ ಬಗೆ ಹೇಗೆ? ಅದನ್ನು ನೋಡಲು ಗೌರಿಬಿದನೂರಿನ ಮಾರ್ಗವಾಗಿ ಗಡಿ ದಾಟಿ ಹಿಂದೂಪುರಕ್ಕೆ ಹೋಗಬೇಕು. ಅಲ್ಲಿಂದ ಸುಮಾರು 15 ಕಿಲೋಮೀಟರು ಲೇಪಾಕ್ಷಿ. ಇಂದು ಆಂಧ್ರಕ್ಕೆ ಸೇರಿದ ಈ ಊರಿನಲ್ಲಿ ಕನ್ನಡ ಶಾಸನಗಳೂ ಇವೆ. ಅಚ್ಯುತದೇವರಾಯನ (1529–1542) ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಇಲ್ಲಿಯ ವೀರಭದ್ರ ದೇವಾಲಯವನ್ನು ಬೆಳೆಸಿದರು.

ಕತ್ತೆತ್ತಿ ನೋಡಿದರೆ ಛಾವಣಿಯ ತುಂಬ ಚಿತ್ರಗಳು. ಗಿರಿಜಾಕಲ್ಯಾಣವಿದೆ, ಅಷ್ಟೇ ಅಲ್ಲ, ಶಿವಪಾರ್ವತಿಯರು ಪಗಡೆಯ ಹಾಸಿನ ಮುಂದೆ ಎದುರುಬದುರಾಗಿ ಕುಳಿತ ಚಿತ್ರವೂ ಇದೆ. ಸ್ತ್ರೀಯರ ಸೀರೆಯ ಅಂಚು, ತುರುಬು, ಪುರುಷರ ಎತ್ತರದ ಕುಲಾವಿ, ಇವೆಲ್ಲ ವಿಜಯನಗರದ ಸಿರಿವಂತರ ಮನೆಯಿಂದಲೇ ಬಂದಂತಿವೆ. ಕೈಲಾಸವನ್ನು ಚಿತ್ರಕಾರ ಕಂಡಿರಲಿಲ್ಲ, ಅರಮನೆಯವರನ್ನು ಕಂಡಿರಬೇಕು.

ಹೆಚ್ಚುಕಡಿಮೆ ಅದೇ ತಲೆಮಾರಿನಲ್ಲಿ, 1508ರ ಸುಮಾರಿಗೆ, ಹಾಲೆಂಡಿನ ಲೂಕಾಸ್ ವಾನ್ ಲೈಡನ್ ಚದುರಂಗದ ಚಿತ್ರವೊಂದನ್ನು ಬರೆದ. ಅದೀಗ ಬರ್ಲಿನ್ನಿನಲ್ಲಿದೆ. ಹಾಸಿನಲ್ಲಿ ಎಂಟೆಂಟಲ್ಲ, ಹನ್ನೆರಡೆಂಟು ಮನೆಗಳು. ಕಾಯಿ ನಡೆಸುತ್ತಿರುವವಳು ಹೆಣ್ಣು. ಚಿಂತೆಗೆ ಬಿದ್ದವನು ಎದುರಿನ ಗಂಡು. ಸುತ್ತಲೂ ಇಣುಕುವ ಹಿರಿಯರು! ಪರಪುರುಷನೊಡನೆ ಕುಲಸ್ತ್ರೀಯು ಸರಿಸಮನಾಗಿ ಕೂರಲು ಆಟವೊಂದು ಒಳ್ಳೆಯ ನೆಪವಾಗಿತ್ತು.

ನಮ್ಮ ಪುರಾಣಕ್ಕೆ ನೆಪ ಬೇಕಿಲ್ಲ. ಅಲ್ಲಿ ಆಡುವವರು ಸತಿಪತಿಗಳು. ಆದರೆ ಪಣ ಭಾರಿಯದು. ಸ್ಕಾಂದಪುರಾಣದ ಶಿವನು ಆಭರಣಗಳನ್ನೂ ಕಡೆಗೆ ಕೌಪೀನವನ್ನೂ ಸೋತು, ಮುನಿದು ಕಾಡಿಗೆ ಹೊರಟುಬಿಡುತ್ತಾನೆ. ಮರಳಿ ಒಲಿಸಿ ತರಲು ಗೌರಿಯು ಶಬರಿಯ ವೇಷ ತೊಡಬೇಕಾಗುತ್ತದೆ. ಹೆಂಡತಿ ಗೆದ್ದರೆ ಮನೆಯೊಳಗೆ ಏನಾಗುವುದೆಂಬುದನ್ನು ಪುರಾಣಕಾರರು ಚೆನ್ನಾಗಿ ಬಲ್ಲರು.

ಬಣ್ಣ ಅಲ್ಲಲ್ಲಿ ಉದುರಿದೆ. ಹೊರಗೆ, ಶಿವಪಾರ್ವತಿಯರ ವಿವಾಹಕ್ಕೆಂದು ತೊಡಗಿದ ಕಲ್ಯಾಣಮಂಟಪವು ಛಾವಣಿಯಿಲ್ಲದೆ ಅರ್ಧಕ್ಕೇ ನಿಂತಿದೆ. ರಾಯರ ಭಂಡಾರವನ್ನು ಬರಿದುಮಾಡಿದನೆಂಬ ಆಪಾದನೆಗೆ ನೊಂದು ವಿರೂಪಣ್ಣನು ತನ್ನ ಕಣ್ಣುಗಳನ್ನೇ ಕಿತ್ತೆಸೆದನೆಂದು ಊರವರು ಹೇಳುತ್ತಾರೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನೂ ತೋರಿಸುತ್ತಾರೆ.